ಕೊರಳು ಬದಲಾದಾಗ

ಹಾಡಿಗೆ ಸಾಹಿತ್ಯ ಮುಖ್ಯವೋ ರಾಗ ಮುಖ್ಯವೋ ಎಂದು ತಿಳಿದವರು ಚರ್ಚಿಸುತ್ತಾರೆ. ನಮ್ಮಂಥವರ ಕಿವಿ ಮೊದಲು ಹಿಡಿಯುವುದು ಕೊರಳನ್ನು. ಒಂದು ಕೊರಳಿಗೆ ಒಗ್ಗಿಹೋದ ಮೇಲೆ ಅದರ ಜಾಗಕ್ಕೆ ಇನ್ನೊಂದು ಬಂದರೆ ಮನೆಗೆ ಹೊಸಬರು ಬಂದ ಹಾಗೆ. ಒಪ್ಪಿಕೊಳ್ಳಲು ನಾಲ್ಕು ದಿನ ಬೇಕು.

ಕನ್ನಡಿಗರಿಗೆ ಅಂಥ ಪರೀಕ್ಷೆ ಬಂದದ್ದು 1974ರಲ್ಲಿ, 'ಸಂಪತ್ತಿಗೆ ಸವಾಲ್' ಚಿತ್ರದ ಮೂಲಕ. ಅದುವರೆಗೆ ತೆರೆಯ ಮೇಲೆ ರಾಜ್‌ಕುಮಾರ್ ಹಾಡಿದರೆ ನಮಗೆ ಕೇಳಿಸುತ್ತಿದ್ದುದು ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ದನಿ. ಆಂಧ್ರದ ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದ ಶ್ರೀನಿವಾಸರ ಕನ್ನಡದಲ್ಲಿ ಒಂದು ಅಕ್ಷರವೂ ತೊದಲುತ್ತಿರಲಿಲ್ಲ. ತಾವು ಶರೀರ, ಶ್ರೀನಿವಾಸರು ಶಾರೀರ ಎಂದು ರಾಜ್‌ಕುಮಾರರೇ ಹೇಳುತ್ತಿದ್ದರು. ಭದ್ರಾವತಿ ಆಕಾಶವಾಣಿ ಕೇಳುತ್ತಾ ಒಲೆಯ ಮುಂದೆ ಕೂರುತ್ತಿದ್ದ ಕಡೂರು, ತರೀಕೆರೆ, ಅಜ್ಜಂಪುರದ ಹೆಂಗಸರಿಗೆ ಅವರಿಬ್ಬರೂ ಒಬ್ಬರೇ.

ಆ ಚಿತ್ರದಲ್ಲಿ ನಾಯಕ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡೊಂದಿದೆ. ಅದಕ್ಕೆ ಶ್ರೀನಿವಾಸರು ಒದಗಲಿಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅದನ್ನು ರಾಜ್‌ಕುಮಾರರಿಂದಲೇ ಹಾಡಿಸಿದರು. ಅದೇ ಚಿತ್ರಕ್ಕೆ ಶ್ರೀನಿವಾಸರೂ ಹಾಡಿದ್ದರು. 'ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ' ಎನ್ನುತ್ತೇವಲ್ಲ, ಇಲ್ಲಿ ಎರಡು ಕಾಲವೂ ಒಂದೇ ಚಿತ್ರದಲ್ಲಿ ಕೂಡಿದ್ದವು.

ನಿಜ ನೋಡಿದರೆ ಆ ಹೊಸ ಗಾಯಕ ಹೊಸಬರೇನಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ತಂದೆಯ ಜೊತೆ ಬೆಳೆದ ಮುತ್ತುರಾಜ ಅವರು. ಕಂಪನಿ ನಾಟಕದಲ್ಲಿ ಪಾತ್ರಧಾರಿಯೇ ಹಾಡಬೇಕು, ಅದೂ ಕಡೆಯ ಸಾಲಿನವರಿಗೆ ಕೇಳುವ ಹಾಗೆ. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿಯವರೊಡನೆ ಅವರು ಹಾಡಿದ್ದೂ ಉಂಟು. ಆದರೂ 1954ರ 'ಬೇಡರ ಕಣ್ಣಪ್ಪ'ದಿಂದ ಇಪ್ಪತ್ತು ವರ್ಷ, ಹಾಡಬಲ್ಲ ಕಲಾವಿದ ಬಹುಮಟ್ಟಿಗೆ ಪರರ ಕೊರಳಿಗೆ ತುಟಿ ಕೂಡಿಸುತ್ತಿದ್ದರು.

ಜನ ಒಪ್ಪಿದ್ದು ಯಾಕೆ? ಅವರು ಶ್ರೀನಿವಾಸರನ್ನು ಅನುಕರಿಸಲಿಲ್ಲ. ಶ್ರೀನಿವಾಸರದು ಮೆಲ್ಲಗೆ ಸವರುವ ತಗ್ಗಿನ ದನಿ, ಇವರದು ರಂಗದ ಮೇಲಿನ ತೆರೆದ ದನಿ. 1975ರ 'ಮಯೂರ'ದ ಹೊತ್ತಿಗೆ ಆ ದನಿ ನಮ್ಮದಾಗಿಬಿಟ್ಟಿತ್ತು. 1992ರ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅತ್ತ ರಾಜ್‌ಕುಮಾರರಿಗಾಗಿ ಶ್ರೀನಿವಾಸರು ಹಾಡುವುದು ಕಡಿಮೆಯಾಗುತ್ತಾ ಬಂತು. ಜೇಬಿನ ತುಂಬ ಪೆನ್ನು ಸಿಕ್ಕಿಸಿಕೊಂಡು ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದ ಅವರು 2013ರಲ್ಲಿ ತೀರಿಕೊಂಡರು. 1974ರ 'ಎರಡು ಕನಸು' ಹಾಡುಗಳಲ್ಲಿ ಆ ದನಿಯನ್ನು ಇಂದಿಗೂ ಕೇಳಬಹುದು.

ಇದು ನಮ್ಮಲ್ಲಷ್ಟೇ ನಡೆದದ್ದಲ್ಲ. ನನ್ನ ಮಗ ಕೇಳುವ 'ಡ್ರೀಮ್ ಥಿಯೇಟರ್' ಎಂಬ ಅಮೆರಿಕದ ತಂಡದ ಕಥೆಯೂ ಹೀಗೇ ಇದೆ. ಗಿಟಾರಿನ ಅಬ್ಬರದ ಜೊತೆಗೆ ಕಠಿಣ ತಾಳಗಳನ್ನು ಹೆಣೆಯುವ ಅವರ ಸಂಗೀತಕ್ಕೆ ಪ್ರೊಗ್ರೆಸಿವ್ ಮೆಟಲ್ ಎನ್ನುತ್ತಾರೆ. 1989ರ ಮೊದಲ ಆಲ್ಬಮ್ಮಿನ ನಂತರ ಗಾಯಕ ಚಾರ್ಲಿ ಡೊಮಿನಿಸಿ ಹೊರಗಾದರು. ಹಾಡುಗಳು ಸಿದ್ಧವಾಗುತ್ತಿದ್ದವು, ಕೊರಳು ಸಿಕ್ಕಲಿಲ್ಲ. ನೂರಾರು ಕ್ಯಾಸೆಟ್ಟು ಕೇಳಿದ ಮೇಲೆ 1991ರಲ್ಲಿ ಕೆನಡಾದ ಜೇಮ್ಸ್ ಲಬ್ರಿ ಸೇರಿದರು. ಬಹುಪಾಲು ಅವರು ಬರುವ ಮೊದಲೇ ಕಟ್ಟಿಟ್ಟಿದ್ದ ಹಾಡುಗಳನ್ನೇ ಹಾಡಿದರೂ 1992ರ 'ಇಮೇಜಸ್ ಅಂಡ್ ವರ್ಡ್ಸ್' ಅವರದೇ ಎನ್ನುವಂತಾಯಿತು. ತಂಡಕ್ಕೆ ಹೆಸರು ತಂದದ್ದೂ ಅದೇ.

ಕಟ್ಟಿಟ್ಟ ಹಾಡಿಗೆ ಹೊಸ ಕೊರಳಾಗಿ ಹೋಗುವುದು ಹೆಣ್ಣುಮಕ್ಕಳಿಗೆ ಗೊತ್ತಿರುವ ವಿಷಯವೇ. ನನ್ನ ತವರು ಅಜ್ಜಂಪುರ, ಸೇರಿದ ಮನೆ ಕಡೂರು. ಅಕ್ಕನನ್ನು ಕೊಟ್ಟಿದ್ದು ತರೀಕೆರೆಗೆ. ಗೌರಿ ಹಬ್ಬದ ಆರತಿ ಹಾಡು ಮೂರು ಕಡೆಯೂ ಒಂದೇ, ಧಾಟಿ ಮಾತ್ರ ಮನೆಗೊಂದು. ಮೊದಲ ವರ್ಷ ಅಕ್ಕ ತವರಿನ ಧಾಟಿಯಲ್ಲಿ ಎತ್ತಿಕೊಂಡಾಗ, "ನಮ್ಮನೇಲಿ ಹೀಗೆ ಹೇಳೋದಿಲ್ಲಮ್ಮ" ಎಂದರಂತೆ. ಬೈದದ್ದೇನಲ್ಲ, ಅಷ್ಟೇ ಮಾತು. ಆಮೇಲೆ ಅವಳು ಆರತಿ ತಟ್ಟೆ ಹಿಡಿದು ನಿಂತಳೇ ಹೊರತು ಬಾಯಿ ತೆರೆಯಲಿಲ್ಲ. ಹಾಡಿಸಿಯೇ ನೋಡೋಣ ಎನ್ನುವ ಒಬ್ಬ ಹಿರಿಯರು ಅಲ್ಲಿದ್ದಿದ್ದರೆ ಆ ಮನೆಯಲ್ಲಿ ಎರಡು ಧಾಟಿಗಳು ಉಳಿಯುತ್ತಿದ್ದವು.

ಈಗ ಅಕ್ಕನಿಗೆ ದಾವಣಗೆರೆ ಕಡೆಯ ಸೊಸೆ ಬಂದಿದ್ದಾಳೆ. ಹಬ್ಬದಲ್ಲಿ ಅವಳು ತನ್ನ ಧಾಟಿಯಲ್ಲೇ ಹಾಡುತ್ತಾಳೆ. ಅಕ್ಕ ಪಕ್ಕದಲ್ಲಿ ನಿಂತು ಕೇಳುತ್ತಾಳೆ, ತಿದ್ದುವುದಿಲ್ಲ.