ಹಳೆಯ ಸ್ಪೋರ್ಟ್ಸ್ ಕಾರು ಜಖಂ: ವಿಮಾ ಹಣದ ಲೆಕ್ಕ

ರಾಮನಗರ: ರಾಮನಗರ, ಚನ್ನಪಟ್ಟಣ ಬಳಿಯ ಹೆದ್ದಾರಿಯಲ್ಲಾಗಲಿ, ಕನಕಪುರ, ಮಾಗಡಿಯ ರಸ್ತೆಗಳಲ್ಲಾಗಲಿ ಹಳೆಯ ಸ್ಪೋರ್ಟ್ಸ್ ಕಾರೊಂದು ಅಪಘಾತಕ್ಕೀಡಾಗಿ ನುಜ್ಜುಗುಜ್ಜಾದರೆ, ಮಾಲೀಕರಿಗೆ ದೊರೆಯುವ ಪರಿಹಾರವನ್ನು ನಿರ್ಧರಿಸುವುದು ಪಾಲಿಸಿಯಲ್ಲಿ ನಮೂದಾದ ‘ಐಡಿವಿ’, ಅಂದರೆ ವಿಮಾ ಘೋಷಿತ ಮೌಲ್ಯ. ಕಾರಿಗೆ ಸುರಿದ ಹಣ, ಅದರ ಮೇಲಿನ ಮಮತೆ ಲೆಕ್ಕಕ್ಕೆ ಬರುವುದಿಲ್ಲ.

2002ರ ಭಾರತೀಯ ಮೋಟಾರು ದರಪಟ್ಟಿಯಂತೆ ನಾಲ್ಕರಿಂದ ಐದು ವರ್ಷದ ವಾಹನಕ್ಕೆ ಸವಕಳಿ ಶೇ 50. ಐದು ವರ್ಷ ದಾಟಿದ ಅಥವಾ ತಯಾರಿಕೆ ನಿಂತುಹೋದ ಮಾದರಿಗಳಿಗೆ ಕೋಷ್ಟಕವೇ ಇಲ್ಲ. ಕಂಪನಿ ಹಾಗೂ ಮಾಲೀಕರು ಒಪ್ಪಿದ್ದೇ ಮೌಲ್ಯ. ಆದ್ದರಿಂದ ಚೌಕಾಸಿಗೆ ತಕ್ಕ ಸಮಯ ಅಪಘಾತದ ನಂತರವಲ್ಲ, ಪಾಲಿಸಿ ನವೀಕರಣದ ದಿನ. ಪ್ರೀಮಿಯಂ ಉಳಿಸಲು ಕಡಿಮೆ ಐಡಿವಿಗೆ ಒಪ್ಪಿದವರು ಬಳಿಕ ಮಾರುಕಟ್ಟೆ ಬೆಲೆ ಕೇಳಿ ಪ್ರಯೋಜನವಿಲ್ಲ. ದುರಸ್ತಿಯ ಬಿಲ್ಲು, ಛಾಯಾಚಿತ್ರ, ಅದೇ ಮಾದರಿಯ ಮಾರಾಟ ದರಗಳನ್ನು ಅಂದೇ ಮುಂದಿಡಬೇಕು.

ದುರಸ್ತಿ ವೆಚ್ಚ ಐಡಿವಿಯ ಶೇ 75ನ್ನು ಮೀರಿದರೆ ಅದು ಪೂರ್ಣ ನಷ್ಟ. ಬಿಡಿಭಾಗಗಳನ್ನು ವಿದೇಶದಿಂದ ತರಿಸಬೇಕಾದ ಕಾರು ಈ ಗೆರೆಯನ್ನು ಬೇಗನೆ ದಾಟುತ್ತದೆ. ಆಗ ಐಡಿವಿಯಿಂದ ಮತ್ತೆ ಸವಕಳಿ ಕಳೆಯುವಂತಿಲ್ಲ. ಪಾಲಿಸಿಯಲ್ಲಿ ಹೇಳಿದ ಕಡ್ಡಾಯ ಕಡಿತವಷ್ಟೇ. ಜಖಂಗೊಂಡ ಕಾರನ್ನು ಮಾಲೀಕರೇ ಉಳಿಸಿಕೊಂಡರೆ ಗುಜರಿ ಬೆಲೆ ಕಳೆಯಲಾಗುತ್ತದೆ. ವಾದಕ್ಕೆ ಎಡೆಯಿರುವುದು ಇಲ್ಲಿಯೇ. ಸರ್ವೇಯರ್ ವರದಿಯ ಪ್ರತಿ ಪಡೆದು, ಗುಜರಿ ವ್ಯಾಪಾರಿಗಳ ಲಿಖಿತ ದರಗಳೊಂದಿಗೆ ಆಕ್ಷೇಪ ಸಲ್ಲಿಸುವುದು ಒಳಿತು.

ಕಂಪನಿ ಒಪ್ಪದಿದ್ದರೆ, ಅಥವಾ ಒಂದು ತಿಂಗಳು ಉತ್ತರಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ನೀಡಬಹುದು. ಶುಲ್ಕವಿಲ್ಲ. 2023ರಿಂದ ಪರಿಹಾರದ ಮಿತಿ 50 ಲಕ್ಷ ರೂಪಾಯಿ. ಆದರೆ ಅದೇ ವ್ಯಾಜ್ಯ ಗ್ರಾಹಕರ ಆಯೋಗದಲ್ಲಿದ್ದರೆ ಒಂಬುಡ್ಸ್‌ಮನ್ ದೂರನ್ನು ಸ್ವೀಕರಿಸುವುದಿಲ್ಲ.