ಗಿಂಬಲ್ ತಗೊಳ್ಳೋ ಮುಂಚೆ ಫೋನನ್ನು ತಕ್ಕಡಿಗೆ ಹಾಕಿ: ಯಾರಿಗೆ ಬೇಕು, ಯಾರಿಗೆ ಬೇಡ?

ಬಟ್ಟೆ ಅಂಗಡಿಯ ಹೊಸ ಸ್ಟಾಕ್, ಮದುವೆ ಮನೆ, ಊರ ಜಾತ್ರೆಯ ತೇರು, ಮಾರಾಟಕ್ಕಿರುವ ಸೈಟು ಎಲ್ಲವೂ ಈಗ ಮೊಬೈಲ್‌ನಲ್ಲೇ ಶೂಟ್ ಆಗುತ್ತಿದೆ. ವಿಡಿಯೊ ಅಲುಗಾಡಿದರೆ ನೋಡುವವರು ಎರಡೇ ಸೆಕೆಂಡಿಗೆ ಮುಂದಕ್ಕೆ ತಳ್ಳಿಬಿಡುತ್ತಾರೆ. ಅದಕ್ಕೇ ಗಿಂಬಲ್ ಕೊಳ್ಳುವವರು ಹೆಚ್ಚಾಗಿದ್ದಾರೆ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದದ್ದು ಫೋನಿನ ಭಾರ ತಡೆಯದೆ ಮೂಲೆ ಸೇರುವುದೂ ಉಂಟು. ದುಡ್ಡು ಹಾಕುವ ಮುಂಚೆ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಗಿಂಬಲ್ ಮಾಡೋದೇನು?

ಗಿಂಬಲ್ ಅಂದರೆ ಮೂರು ಸಣ್ಣ ಮೋಟಾರ್ ಇರುವ ಹಿಡಿಕೆ. ಕೈ ಯಾವ ಕಡೆ ತಿರುಗಿತು ಅನ್ನುವುದನ್ನು ಒಳಗಿನ ಸೆನ್ಸರ್ ಗುರುತಿಸುತ್ತದೆ, ಮೋಟಾರ್ ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ತಿರುಗಿಸಿ ಫೋನನ್ನು ನೆಟ್ಟಗೆ ಇಡುತ್ತದೆ. ಎಡಬಲ ತಿರುಗುವುದಕ್ಕೆ ಪ್ಯಾನ್, ಮೇಲೆ ಕೆಳಗೆ ಬಾಗುವುದಕ್ಕೆ ಟಿಲ್ಟ್, ಪಕ್ಕಕ್ಕೆ ವಾಲುವುದಕ್ಕೆ ರೋಲ್ ಅನ್ನುತ್ತಾರೆ. ಮೂರಕ್ಕೂ ಮೋಟಾರ್ ಇದ್ದರೆ ಅದು 3 ಆ್ಯಕ್ಸಿಸ್ ಗಿಂಬಲ್. ಸೆಲ್ಫಿ ಸ್ಟಿಕ್ ತರಹದ ಅಗ್ಗದ 'ಗಿಂಬಲ್'ಗಳಲ್ಲಿ ಹಲವಕ್ಕೆ ಒಂದೇ ಮೋಟಾರ್ ಇರುತ್ತದೆ. ಅವು ವಾಲುವುದನ್ನಷ್ಟೇ ತಡೆಯುತ್ತವೆ. ಬಾಕ್ಸ್ ಮೇಲೆ ಎಷ್ಟು ಆ್ಯಕ್ಸಿಸ್ ಅಂತ ಬರೆದಿದೆ ಎಂದು ಮೊದಲು ನೋಡಬೇಕು.

ಇನ್ನೊಂದು ಮಾತು. ನಡೆಯುವಾಗ ಮೈ ಮೇಲೆ ಕೆಳಗೆ ಕುಪ್ಪಳಿಸುತ್ತದಲ್ಲ, ಅದನ್ನು ಗಿಂಬಲ್ ಪೂರ್ತಿ ನಿಲ್ಲಿಸುವುದಿಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಮೊದಲು ಊರಿ, ಮೆಲ್ಲಗೆ ಹೆಜ್ಜೆ ಹಾಕುವ ಅಭ್ಯಾಸ ಬೇಕೇ ಬೇಕು.

ಫೋನಿನಲ್ಲಿರುವ ಸ್ಟೆಬಿಲೈಸೇಶನ್ ಸಾಲದಾ?

ಬಹಳ ಸಲ ಸಾಕು. ಫೋನ್‌ಗಳಲ್ಲಿ ಎರಡು ಬಗೆ ಇದೆ. ಒಐಎಸ್‌ನಲ್ಲಿ ಲೆನ್ಸ್ ಅಥವಾ ಸೆನ್ಸರ್ ತಾನೇ ಸ್ವಲ್ಪ ಸರಿದು ಕೈನಡುಕ ಸರಿದೂಗಿಸುತ್ತದೆ. ಇಐಎಸ್‌ನಲ್ಲಿ ಸಾಫ್ಟ್‌ವೇರ್ ಚಿತ್ರದ ಅಂಚು ಕತ್ತರಿಸಿ, ಫ್ರೇಮ್‌ಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುತ್ತದೆ. ಹಗಲು ಬೆಳಕಲ್ಲಿ ನಿಂತು ತೆಗೆಯುವ ವಿಡಿಯೊಗೆ ಇಷ್ಟು ಧಾರಾಳ.

ವ್ಯತ್ಯಾಸ ಗೊತ್ತಾಗೋದು ಕತ್ತಲಾದ ಮೇಲೆ. ಬೆಳಕು ಕಮ್ಮಿ ಇದ್ದಾಗ ಫೋನು ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ತಗೊಳ್ಳುತ್ತದೆ. ಆ ಹೊತ್ತಲ್ಲಿ ಕೈ ಅಲುಗಿದರೆ ಫ್ರೇಮೇ ಮಸುಕಾಗುತ್ತದೆ. ಸಾಫ್ಟ್‌ವೇರ್ ಫ್ರೇಮನ್ನು ಸರಿಸಬಹುದು, ಮಸುಕು ತೆಗೆಯಲಾರದು. ಗಿಂಬಲ್ ಫೋನನ್ನೇ ಅಲುಗದಂತೆ ಹಿಡಿಯುವುದರಿಂದ ರಾತ್ರಿ ರಿಸೆಪ್ಷನ್, ದೀಪೋತ್ಸವ, ಮೆರವಣಿಗೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಕೌಂಟರ್ ಮೇಲೆ ಸೀರೆ ಹರಡಿಯೋ, ಚಪ್ಪಲಿ ಇಟ್ಟೋ ತೋರಿಸುವ ಅಂಗಡಿಯವರಿಗೆ ಗಿಂಬಲ್‌ಗಿಂತ ಗಟ್ಟಿ ಟ್ರೈಪಾಡ್ ಮತ್ತು ಒಂದು ಲೈಟ್ ಹೆಚ್ಚು ಉಪಯೋಗ. ವರ್ಷಕ್ಕೆ ಒಂದೆರಡು ಸಮಾರಂಭ ಅಷ್ಟೇ ಅನ್ನುವವರು ಸ್ಟುಡಿಯೊದವರಲ್ಲಿ ಬಾಡಿಗೆಗೆ ಸಿಗುತ್ತದಾ ವಿಚಾರಿಸುವುದು ಲೇಸು. ನಡೆದಾಡುತ್ತಾ ಶೂಟ್ ಮಾಡುವುದೇ ಕೆಲಸ ಅನ್ನುವವರಿಗೆ ಮಾತ್ರ ಸ್ವಂತದ್ದು ಬೇಕು.

ತೂಕದ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪ್ರತಿ ಗಿಂಬಲ್‌ಗೂ ಇಂತಿಷ್ಟೇ ತೂಕ ಅಂತ ಮಿತಿ ಇದೆ. ಕಂಪನಿಗಳು ಹೇಳುವ ಲೆಕ್ಕ ಹೀಗಿದೆ:

• ಡಿಜೆಐ ಆಸ್ಮೊ ಮೊಬೈಲ್ 6: 170ರಿಂದ 290 ಗ್ರಾಂ
• ಡಿಜೆಐ ಆಸ್ಮೊ ಮೊಬೈಲ್ ಎಸ್‌ಇ: 170ರಿಂದ 290 ಗ್ರಾಂ
• ಇನ್‌ಸ್ಟಾ360 ಫ್ಲೋ: 130ರಿಂದ 300 ಗ್ರಾಂ
• ಹೋಹೆಮ್ ಐಸ್ಟೆಡಿ ಎಂ6: 400 ಗ್ರಾಂವರೆಗೆ

ಐಫೋನ್ 14 ಪ್ರೊ ಮ್ಯಾಕ್ಸ್ ಒಂದೇ 240 ಗ್ರಾಂ ತೂಗುತ್ತದೆ. ಅದಕ್ಕೆ 40 ಗ್ರಾಂನ ಕವರ್ ಹಾಕಿದರೆ 280. ಮೇಲೊಂದು 15 ಗ್ರಾಂನ ವೈರ್‌ಲೆಸ್ ಮೈಕ್ ರಿಸೀವರ್ ಸಿಕ್ಕಿಸಿದರೆ 295. ಅಲ್ಲಿಗೆ 290ರ ಮಿತಿ ದಾಟಿತು. ದಪ್ಪದ ಲೆಕ್ಕವೂ ಇದೆ. ಆಸ್ಮೊ ಮೊಬೈಲ್ 6ರ ಕ್ಲಾಂಪ್ ಹಿಡಿಯುವುದು 6.9ರಿಂದ 10 ಮಿಲಿಮೀಟರ್ ದಪ್ಪದ ಫೋನನ್ನು. 8.9 ಮಿಲಿಮೀಟರ್ ಇರುವ ಗ್ಯಾಲಕ್ಸಿ ಎಸ್23 ಅಲ್ಟ್ರಾಗೆ ದಪ್ಪ ಕವರ್ ಹಾಕಿದರೆ ಆ ಮಿತಿಯೂ ಮೀರುತ್ತದೆ.

ಮಿತಿ ಮೀರಿದರೆ ಮೋಟಾರ್ ಬಿಸಿಯಾಗುತ್ತದೆ, ಗುಂಯ್ ಅಂತ ಅದುರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಕೊನೆಗೆ ಫೋನು ಒಂದು ಕಡೆ ಜೋತುಬೀಳುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಶೂಟ್‌ಗೆ ಬಳಸುವ ಕವರ್, ಮೈಕ್ ಸಮೇತ ಫೋನನ್ನು ತೂಗಬೇಕು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಬಂದ ತೂಕಕ್ಕಿಂತ ಕನಿಷ್ಠ 30 ಗ್ರಾಂ ಹೆಚ್ಚು ತಡೆಯುವ ಮಾಡೆಲ್ ನೋಡಿದರೆ ಮುಂದೆ ಫೋನ್ ಬದಲಿಸಿದಾಗಲೂ ಗಿಂಬಲ್ ಬದಲಿಸುವ ಗೋಜಿಲ್ಲ.

ಕ್ಯಾಮೆರಾ ಇರುವ ಸ್ಟುಡಿಯೊದವರಿಗೆ

ಇಲ್ಲೂ ಅದೇ ಲೆಕ್ಕ, ಗ್ರಾಂ ಬದಲು ಕಿಲೊ. ಕ್ಯಾನನ್ 5ಡಿ ಮಾರ್ಕ್ 4 ಬಾಡಿ 890 ಗ್ರಾಂ, 24-70 ಎಫ್ 2.8 ಎಲ್ 2 ಲೆನ್ಸ್ 805 ಗ್ರಾಂ, ಒಟ್ಟು 1,695 ಗ್ರಾಂ. ಡಿಜೆಐ ಆರ್‌ಎಸ್ 3 ಮಿನಿ 2 ಕಿಲೊ ತಡೆಯುತ್ತದೆ. ಮೈಕ್, ಲೈಟ್ ಹಾಕಲು ಉಳಿಯುವುದು 300 ಗ್ರಾಂ ಅಷ್ಟೇ. ಗಿಂಬಲ್ ತೂಕ 795 ಗ್ರಾಂ ಸೇರಿಸಿದರೆ ಕೈಯಲ್ಲಿ ಸುಮಾರು ಎರಡೂವರೆ ಕಿಲೊ. ಮುಹೂರ್ತದಿಂದ ಊಟದವರೆಗೆ ಅದನ್ನು ಹಿಡಿದು ನಿಲ್ಲಬೇಕು ಅನ್ನುವುದೂ ನೆನಪಿರಲಿ. ಹೆಚ್ಚು ಭಾರದ ಸೆಟಪ್ ಇರುವವರಿಗೆ 3 ಕಿಲೊ ತಡೆಯುವ ಆರ್‌ಎಸ್ 3 ಇದೆ.

ಆನ್ ಮಾಡುವ ಮುಂಚೆ ಬ್ಯಾಲೆನ್ಸ್ ಮಾಡಬೇಕು. ಮೋಟಾರ್ ಆಫ್ ಇದ್ದಾಗ ಕ್ಯಾಮೆರಾವನ್ನು ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ಲೆನ್ಸ್ ಬದಲಿಸಿದರೆ ಮತ್ತೆ ಮಾಡಬೇಕು.

ಅಂಗಡಿಯಲ್ಲೇ ನೋಡಬೇಕಾದ್ದು

• ಸ್ವಂತ ಫೋನನ್ನೇ ಹಾಕಿ, ಅಂಗಡಿಯೊಳಗೆ ಹತ್ತು ಹೆಜ್ಜೆ ನಡೆದು ರೆಕಾರ್ಡ್ ಮಾಡಬೇಕು. ಫೋನಿನ ಇಐಎಸ್ ಆನ್ ಇಟ್ಟು ಒಮ್ಮೆ, ಆಫ್ ಮಾಡಿ ಒಮ್ಮೆ. ಎರಡೂ ಸೇರಿದಾಗ ಕೆಲ ಫೋನ್‌ಗಳಲ್ಲಿ ಅಂಚು ಅದುರುತ್ತದೆ.
• ಫೋನ್ ಕೂರಿಸಿದ ಮೇಲೆ ಮೈಕ್ ಅಥವಾ ಚಾರ್ಜರ್ ಪಿನ್ ಹಾಕಲು ಜಾಗ ಇದೆಯಾ ನೋಡಬೇಕು. ಹಲವು ಗಿಂಬಲ್‌ಗಳಲ್ಲಿ ತೋಳು ಅಡ್ಡ ಬರುತ್ತದೆ.
• ಆ್ಯಪ್ ತಮ್ಮ ಫೋನಿನಲ್ಲಿ ನಡೆಯುತ್ತದಾ ಪರೀಕ್ಷಿಸಬೇಕು. ಡಿಜೆಐನ ಮಿಮೊ ಆ್ಯಪ್ ಆಂಡ್ರಾಯ್ಡ್ ಪ್ಲೇ ಸ್ಟೋರ್‌ನಲ್ಲಿಲ್ಲ, ಕಂಪನಿ ವೆಬ್‌ಸೈಟ್‌ನಿಂದಲೇ ಇಳಿಸಬೇಕು. ಮೊದಲ ಸಲ ಆ್ಯಕ್ಟಿವೇಟ್ ಮಾಡಲೂ ಆ್ಯಪ್ ಬೇಕು.
• ಸೆಕೆಂಡ್ ಹ್ಯಾಂಡ್ ಆದರೆ ಫೋನ್ ಹಾಕಿ ಹತ್ತು ನಿಮಿಷ ಆನ್ ಇಟ್ಟು ನೋಡಬೇಕು. ಮೋಟಾರ್ ಸದ್ದು ಮಾಡಿದರೆ, ಫ್ರೇಮ್ ತಾನಾಗೇ ವಾಲಿದರೆ ಬೇಡ.
• ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಬೇಕು. ಬಿಲ್ ಇಲ್ಲದೆ ವಾರಂಟಿ ಕೇಳುವುದು ಕಷ್ಟ. ಬಿಲ್ ಇದ್ದೂ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಬೈಕ್‌ಗೆ ಬೇಡ

ಬೈಕ್ ಹ್ಯಾಂಡಲ್‌ಗೆ ಫೋನ್ ಕಟ್ಟಿ ವಿಡಿಯೊ ಮಾಡುವವರಿದ್ದಾರೆ. ಹೆಚ್ಚು ಶಕ್ತಿಯ ಮೋಟಾರ್‌ಸೈಕಲ್ ಎಂಜಿನ್‌ನ ಕಂಪನದಿಂದ ಐಫೋನಿನ ಒಐಎಸ್ ಹಾಳಾಗಬಹುದು ಎಂದು ಆ್ಯಪಲ್ ಕಂಪನಿ 2021ರಲ್ಲೇ ಎಚ್ಚರಿಸಿದೆ. ಗಿಂಬಲ್ ಹಾಕಿದರೂ ಎಂಜಿನ್‌ನ ಸಣ್ಣ ಕಂಪನ ನಿಲ್ಲದು. ಆ ಕೆಲಸಕ್ಕೆ ಆ್ಯಕ್ಷನ್ ಕ್ಯಾಮೆರಾ ಸರಿ. ಇನ್ನು ಮೊಬೈಲ್ ಗಿಂಬಲ್‌ಗಳು ಸಾಮಾನ್ಯವಾಗಿ ವಾಟರ್‌ಪ್ರೂಫ್ ಅಲ್ಲ, ಮಳೆಗಾಲದ ಮೆರವಣಿಗೆಗೆ ಕೊಡೆ ಹಿಡಿಯಲು ಒಬ್ಬರು ಜೊತೆಗಿರಲಿ.