ಕಿರ್ದಿ

ದಿನಚರಿ ಎಂದರೆ ಮನಸ್ಸಿನ ಮಾತು, ಕಿರ್ದಿ ಎಂದರೆ ಬರೀ ರೊಕ್ಕದ ಮಾತು ಎಂದು ನಂಬಿದ್ದೆ. ಇಳಕಲ್ಲಿನ ಸಂಬಂಧಿಕರೊಬ್ಬರ ಅಟ್ಟದಲ್ಲಿ ಕೆಂಪು ಬಟ್ಟೆಯ ರಟ್ಟಿನ ಹಳೆಯ ಕಿರ್ದಿಯೊಂದು ಸಿಗುವವರೆಗೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನೂಲು, ಬಣ್ಣ, ಸೀರೆಯ ಮೈಗೂ ಸೆರಗಿಗೂ ಕೊಂಡಿ ಹಾಕಿದವರ ಕೂಲಿ. ನಡುವೆ ಅಂಚಿನಲ್ಲಿ ಸಣ್ಣಕ್ಷರ: ‘ಮಳಿ ಜೋರು, ಮಗ್ಗ ಬಂದ್.’

ಕಿರ್ದಿ ಎಂಬ ಪದ ಪಾರಸಿ ಮೂಲದ್ದು, ಮರಾಠಿಯ ಹಾದಿಯಲ್ಲಿ ನಮ್ಮ ಪೇಟೆಗೆ ಬಂತು. ‘ಕಿರಿದು’ ಎಂಬ ಕನ್ನಡ ಪದಕ್ಕೂ ಇದಕ್ಕೂ ನಂಟಿಲ್ಲ. ಬಾಗಲಕೋಟೆ, ಹುನಗುಂದ, ಬಾದಾಮಿ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವಲ್ಲ, ಲೆಕ್ಕದ ಭಾಷೆಗೆ ಮರಾಠಿಯ ವಾಸನೆ ಸಹಜ. ಜಮಾ, ಖರ್ಚು, ರೋಜು ಎಲ್ಲ ಅದೇ ಬಳಗ. ಅಂದಂದಿನ ಲೆಕ್ಕ ಕಿರ್ದಿಯಲ್ಲಿ, ಅದನ್ನು ಹೆಸರುವಾರು ಬಿಡಿಸಿದ್ದು ಖತಾವಣಿಯಲ್ಲಿ. ಪಂಚಾಯಿತಿ, ಸಹಕಾರ ಸಂಘಗಳಲ್ಲಿ ‘ನಗದು ಕಿರ್ದಿ’ ಇಂದಿಗೂ ಜೀವಂತ.

ಆ ಅಂಚಿನ ಸಾಲು ಬರೆದವರು ಬೇರೆ ಡೈರಿ ಇಟ್ಟವರಲ್ಲ. ನನ್ನ ಮಟ್ಟಿಗೆ ಅದೇ ಅವರ ದಿನಚರಿ. ಬಾಗಲಕೋಟೆಯ ಹಳೆಯ ಪೇಟೆಯ ಎಷ್ಟೋ ಓಣಿಗಳು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋದವು. ಅಲ್ಲಿನ ದಿನಗಳು ಉಳಿದಿದ್ದರೆ ಇಂಥ ಪುಟಗಳಲ್ಲೇ. ನಿಮ್ಮ ಅಟ್ಟದಲ್ಲೂ ಒಂದಿದ್ದರೆ ರದ್ದಿಗೆ ಹಾಕುವ ಮುನ್ನ ಅಂಚುಗಳನ್ನು ಓದಿ.